ಕೋಟೇಶ್ವರದ ಓಟಿಗೆ ತರೀಕೆರೆಯ ನಂಟು

ಅಕ್ಕನನ್ನು ಕೋಟೇಶ್ವರಕ್ಕೆ ಕೊಟ್ಟಿದೆ, ತಂಗಿಯನ್ನು ತ್ರಾಸಿಗೆ ಎಂದಿಟ್ಟುಕೊಳ್ಳಿ. ನಡುವೆ ಇರುವುದು ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಕುಂದಾಪುರ ಪೇಟೆ ದಾಟಿ, ಹೊಳೆ ದಾಟಿದರೆ ಬಂತು. ಇಬ್ಬರದೂ ಒಂದೇ ಭಾಷೆ, ಒಂದೇ ಊಟ, ಮದುವೆ ಮುಂಜಿಗೆ ಒಂದೇ ನೆಂಟರು. 2024ರ ಏಪ್ರಿಲ್ 26ರ ಶುಕ್ರವಾರ ಅಕ್ಕ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದಳು. ಸಂಜೆ ತಂಗಿಗೆ ಫೋನು ಮಾಡಿ, “ನಮ್ದ್ ಆಯ್ತ್ ಮಾರಾಯ್ತಿ, ನಿಮ್ದ್ ಯಾವತ್ತ್?” ಎಂದು ಕೇಳಿದರೆ ತಂಗಿಯ ಉತ್ತರ: “ನಮ್ದ್ ಮೇ ಏಳಕ್ಕೆ ಅಕ್ಕಾ.”

ಅಕ್ಕತಂಗಿಯರು ಕಲ್ಪನೆ, ದಿನಾಂಕಗಳು ಮಾತ್ರ ನಿಜ. ಆ ವರ್ಷ ಕೋಟೇಶ್ವರ ಲೋಕಸಭೆಗೆ ಮತ ಹಾಕಿದ ಹನ್ನೊಂದು ದಿನಗಳ ನಂತರ, ಮೇ 7ರ ಮಂಗಳವಾರ, ತ್ರಾಸಿ, ಮರವಂತೆ, ಬೈಂದೂರು, ಕೊಲ್ಲೂರುಗಳು ಮತ ಹಾಕಿದವು. 2019ರಲ್ಲೂ ಹೀಗೆಯೇ ಆಗಿತ್ತು. ಇತ್ತ ಕಡೆಯವರಿಗೆ ಏಪ್ರಿಲ್ 18, ಅತ್ತ ಕಡೆಯವರಿಗೆ ಏಪ್ರಿಲ್ 23. ದಿನ ಬೇರೆಯಾದದ್ದು ಸಣ್ಣ ಸಂಗತಿ. ಆಯ್ಕೆಯಾಗುವ ಸಂಸತ್ ಸದಸ್ಯರೇ ಬೇರೆ ಎಂಬುದು ದೊಡ್ಡದು. ಅಕ್ಕ ಮತ ಹಾಕಿದ್ದು ಉಡುಪಿ-ಚಿಕ್ಕಮಗಳೂರು ಕ್ಷೇತ್ರಕ್ಕೆ, ತಂಗಿ ಹಾಕಿದ್ದು ಶಿವಮೊಗ್ಗ ಕ್ಷೇತ್ರಕ್ಕೆ. ಅಕ್ಕನ ಓಟು ಎಣಿಕೆಯಾಗುವಾಗ ಅದರ ಜತೆ ಕೂಡುವುದು ಘಟ್ಟದ ಮೇಲಿನ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ಇನ್ನೂ ಆಚೆಗೆ ಬಯಲು ಸೀಮೆಯ ಅಂಚಿನಲ್ಲಿರುವ ತರೀಕೆರೆಯ ಓಟುಗಳು. ತಂಗಿಯ ಓಟು ಕೂಡುವುದು ಸಾಗರ, ಸೊರಬ, ಶಿಕಾರಿಪುರ, ಭದ್ರಾವತಿಗಳ ಜತೆ. ಅಕ್ಕನ ಓಟಿಗೂ ತಂಗಿಯ ಓಟಿಗೂ ಮಾತ್ರ ಯಾವ ಸಂಬಂಧವೂ ಇಲ್ಲ.

ಇದು ಹೇಗಾಯಿತು? ಬಹುಮಂದಿ ಇದನ್ನು ರಾಜಕೀಯದವರ ಕಿತಾಪತಿ ಎಂದು ತಿಳಿದಿದ್ದಾರೆ. ರಾಜಕೀಯ ಇದ್ದೀತು. ಆದರೆ ಮೂಲದಲ್ಲಿರುವುದು ಒಂದು ಲೆಕ್ಕ. ಕಾಗದ ಪೆನ್ನು ಹಿಡಿದು ಕೂತರೆ ಹತ್ತು ನಿಮಿಷದಲ್ಲಿ ಯಾರಿಗೂ ಅರ್ಥವಾಗುವ ಭಾಗಾಕಾರ. ಆ ಲೆಕ್ಕವನ್ನು ಮಾಡುವ ಮೊದಲು ಹಿಂದಿನ ಗೆರೆಗಳನ್ನು ಸ್ವಲ್ಪ ನೋಡೋಣ. ಏಕೆಂದರೆ ಕುಂದಾಪುರದ ಮೇಲೆ ಗೆರೆ ಎಳೆದದ್ದು ಇದೇ ಮೊದಲಲ್ಲ.

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಜಿಲ್ಲೆ ಕಂಪೆನಿ ಸರಕಾರದ ಕೈಗೆ ಬಂತು. ಕಾರವಾರದಿಂದ ಕಾಸರಗೋಡಿನವರೆಗೆ ಒಂದೇ ಜಿಲ್ಲೆ. 1859-60ರಲ್ಲಿ ಅದನ್ನು ಉತ್ತರ, ದಕ್ಷಿಣ ಎಂದು ಒಡೆದಾಗ ಕುಂದಾಪುರ ತಾಲೂಕು ಮೊದಲು ಉತ್ತರ ಕೆನರಾಕ್ಕೆ ಹೋಯಿತು. ಉತ್ತರ ಕೆನರಾವನ್ನು ಮುಂಬಯಿ ಪ್ರಾಂತಕ್ಕೆ ವಹಿಸಿದಾಗ ಕುಂದಾಪುರವನ್ನು ಮರಳಿ ದಕ್ಷಿಣ ಕನ್ನಡಕ್ಕೆ ಸೇರಿಸಿಕೊಂಡರು. ಸುಮಾರು ಎರಡು ವರ್ಷದ ಈ ಹೋಗಿ ಬರುವಿಕೆ ನಡೆಯದೆ ಇದ್ದಿದ್ದರೆ ಕೋಟೇಶ್ವರದವರು ಮುಂದಿನ ಒಂದು ಶತಮಾನ ಮದರಾಸಿನ ಬದಲು ಮುಂಬಯಿಯ ಆಡಳಿತದಲ್ಲಿರುತ್ತಿದ್ದರು. ಹೊಟೇಲು ಕೆಲಸಕ್ಕೆ ಹೇಗೂ ಮುಂಬಯಿಗೇ ಹೋದರೆನ್ನಿ, ಅದು ಬೇರೆ ಮಾತು.

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ 1951ರ ಅಕ್ಟೋಬರ್‌ನಿಂದ 1952ರ ಫೆಬ್ರವರಿಯವರೆಗೆ ನಡೆಯಿತು. ಆಗ ದಕ್ಷಿಣ ಕನ್ನಡ ಮದರಾಸು ರಾಜ್ಯದಲ್ಲಿತ್ತು. ಲೋಕಸಭೆಗೆ ಜಿಲ್ಲೆಯಿಂದ ಎರಡು ಸ್ಥಾನ. ‘ದಕ್ಷಿಣ ಕೆನರಾ ಉತ್ತರ’ ಮತ್ತು ‘ದಕ್ಷಿಣ ಕೆನರಾ ದಕ್ಷಿಣ’ ಎಂಬ ನಗು ಬರಿಸುವ ಹೆಸರುಗಳು. ಉತ್ತರದಿಂದ ಗೆದ್ದವರು ಕಾಂಗ್ರೆಸ್ಸಿನ ಉಳ್ಳಾಲ ಶ್ರೀನಿವಾಸ ಮಲ್ಯ. ದಕ್ಷಿಣದಿಂದ ಗೆದ್ದವರು ಪತ್ರಕರ್ತ ಬೆನಗಲ್ ಶಿವರಾವ್. ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಅವರ ಸಹೋದರ. ಮತ ಹಾಕುವ ಕ್ರಮವೂ ಆಗ ಬೇರೆಯೇ ಇತ್ತು. ಚೀಟಿಯ ಮೇಲೆ ಮುದ್ರೆ ಒತ್ತುವುದಿಲ್ಲ. ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಬೇಕಾದ ಪೆಟ್ಟಿಗೆಯೊಳಗೆ ಚೀಟಿ ಹಾಕಿ ಬರುವುದು. ಚೀಟಿಗೆ ಗುರುತು ಹಾಕುವ ಕ್ರಮ ದೇಶಾದ್ಯಂತ ಬಂದದ್ದು 1962ರ ಚುನಾವಣೆಯ ಹೊತ್ತಿಗೆ. ಮೈಸೂರಿನ ಕಾರ್ಖಾನೆಯ ಅಳಿಸಲಾಗದ ಶಾಯಿ ಬಂದದ್ದೂ ಅದೇ ಚುನಾವಣೆಯಲ್ಲಿ.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಆ ಗೆರೆಯ ನೋವು ಈ ಪುಟದ ಓದುಗರಿಗೆ ಹೊಸದಲ್ಲ, ಇಲ್ಲಿ ವಿಸ್ತರಿಸುವುದಿಲ್ಲ. 1957ರಲ್ಲಿ ನಮ್ಮ ಲೋಕಸಭಾ ಕ್ಷೇತ್ರದ ಹೆಸರು ಉಡುಪಿ ಎಂದಾಯಿತು. ಮಲ್ಯರು 1957 ಮತ್ತು 1962ರಲ್ಲಿ ಮತ್ತೆ ಗೆದ್ದರು. 1965ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಅವರೇ ಸಂಸತ್ ಸದಸ್ಯರು. 1951ರಲ್ಲಿ ಬಜಪೆ ವಿಮಾನ ನಿಲ್ದಾಣ, 1960ರಲ್ಲಿ ಸುರತ್ಕಲ್ಲಿನ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು, ಪಣಂಬೂರಿನ ನವಮಂಗಳೂರು ಬಂದರು, ಕರಾವಳಿಯುದ್ದಕ್ಕೂ ಸಾಗುವ ರಾಷ್ಟ್ರೀಯ ಹೆದ್ದಾರಿ, ಇವುಗಳ ಹಿಂದೆ ಮಲ್ಯರ ಓಡಾಟ ಇತ್ತು ಎಂಬುದನ್ನು ಈ ಜಿಲ್ಲೆಯಲ್ಲಿ ಎಲ್ಲ ಪಕ್ಷದವರೂ ಒಪ್ಪುತ್ತಾರೆ. ಅವರು ಹೋದ ಮೇಲೂ ಬಂದರಿನ ಕೆಲಸ ನಡೆದು, 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡಿತು. ಒಬ್ಬ ಸಂಸತ್ ಸದಸ್ಯನಿಗೆ ಕಡಲು, ರಸ್ತೆ, ಬಂದರು ಇವೇ ಕಣ್ಣ ಮುಂದಿದ್ದರೆ ಏನಾಗಬಹುದು ಎಂಬುದಕ್ಕೆ ಈ ಪಟ್ಟಿ ಉದಾಹರಣೆ. ಆ ಕ್ಷೇತ್ರದ ಹಿತವೆಂದರೆ ಹೆಚ್ಚುಕಡಿಮೆ ಕರಾವಳಿಯ ಹಿತವೇ ಆಗಿತ್ತು.

ಮುಂದಿನವರನ್ನು ಬೇಗ ಬೇಗ ಹೇಳಿ ಮುಗಿಸಬಹುದು. 1967ರಲ್ಲಿ ಸ್ವತಂತ್ರ ಪಕ್ಷದ, ನಿವೃತ್ತ ಐ.ಸಿ.ಎಸ್. ಅಧಿಕಾರಿ ಜೆ.ಎಂ. ಲೋಬೋ ಪ್ರಭು. 1971ರಲ್ಲಿ ಪಿ. ರಂಗನಾಥ ಶೆಣೈ. 1977ರಲ್ಲಿ ಟಿ.ಎ. ಪೈ. 1980ರಿಂದ 1996ರವರೆಗೆ ನಡೆದ ಐದು ಚುನಾವಣೆಗಳಲ್ಲೂ ಆಸ್ಕರ್ ಫೆರ್ನಾಂಡಿಸ್. 1998ರಲ್ಲಿ ಭಾರತೀಯ ಜನತಾ ಪಕ್ಷದ ಐ.ಎಂ. ಜಯರಾಮ ಶೆಟ್ಟಿ, 1999ರಲ್ಲಿ ಕಾಂಗ್ರೆಸ್ಸಿನ ವಿನಯ ಕುಮಾರ್ ಸೊರಕೆ, 2004ರಲ್ಲಿ ಭಾ.ಜ.ಪ.ದ ಮನೋರಮಾ ಮಧ್ವರಾಜ್. ಉಡುಪಿ ಎಂಬ ಹೆಸರಿನ ಲೋಕಸಭಾ ಕ್ಷೇತ್ರದ ಕೊನೆಯ ಪ್ರತಿನಿಧಿ ಅವರು. ಈ ಕಾಲದುದ್ದಕ್ಕೂ ಬೈಂದೂರು, ಕುಂದಾಪುರ, ಬ್ರಹ್ಮಾವರ, ಉಡುಪಿ, ಕಾಪು ಒಂದೇ ದಾರದಲ್ಲಿ ಪೋಣಿಸಿದಂತೆ ಇದ್ದವು. ದಾರ ದಕ್ಷಿಣಕ್ಕೆ ಸುರತ್ಕಲ್ಲಿನವರೆಗೂ ಹೋಗುತ್ತಿತ್ತು.

ಘಟ್ಟ ಹತ್ತುವ ಕ್ಷೇತ್ರ ಆಗಲೂ ಇರಲಿಲ್ಲವೆಂದಲ್ಲ. ಕಾರ್ಕಳ ಮತ್ತು ಬೆಳ್ತಂಗಡಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿದ್ದವು. 1978ರ ನವೆಂಬರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು ಸೋಲಿಸಿ ಸಂಸತ್ತಿಗೆ ಮರಳಿದಾಗ ಕಾಫಿ ಸೀಮೆಯ ಹೆಸರು ಜಗತ್ತಿಗೆಲ್ಲ ಕೇಳಿಸಿತು. ಆ ಗೆಲುವಿನಲ್ಲಿ ಕರಾವಳಿಯ ಎರಡು ತಾಲೂಕುಗಳ ಓಟೂ ಇತ್ತೆಂಬುದನ್ನು ಹೊರಗಿನವರು ಅಷ್ಟಾಗಿ ಗಮನಿಸಲಿಲ್ಲ. ಕುಂದಾಪುರದ ಕಡೆಯವರಿಗೆ ಮಾತ್ರ ಆ ಅನುಭವ 2009ರವರೆಗೆ ಇರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಕರ್ನಾಟಕದ ವಿಧಾನಸಭೆಯಲ್ಲಿ 224 ಸ್ಥಾನ, ಲೋಕಸಭೆಗೆ 28 ಸ್ಥಾನ. ಭಾಗಿಸಿದರೆ ಒಂದು ಲೋಕಸಭಾ ಕ್ಷೇತ್ರಕ್ಕೆ ಸರಿಯಾಗಿ ಎಂಟು ವಿಧಾನಸಭಾ ಕ್ಷೇತ್ರ. ವಿಧಾನಸಭಾ ಕ್ಷೇತ್ರವನ್ನು ಒಡೆದು ಎರಡು ಲೋಕಸಭಾ ಕ್ಷೇತ್ರಗಳಿಗೆ ಹಂಚುವಂತಿಲ್ಲ. ಹಾಗಾಗಿ ಎಂಟೆಂಟು ಇಡಿಯಾದ ತುಂಡುಗಳನ್ನು ಜೋಡಿಸಲೇಬೇಕು. 2001ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 5 ಕೋಟಿ 28 ಲಕ್ಷ. 224ರಿಂದ ಭಾಗಿಸಿದರೆ ಒಂದು ವಿಧಾನಸಭಾ ಕ್ಷೇತ್ರಕ್ಕೆ ಸರಾಸರಿ 2 ಲಕ್ಷ 36 ಸಾವಿರ ಜನ. ಇದೇ ಅಳತೆಗೋಲು.

ಉಡುಪಿ ಜಿಲ್ಲೆಯ ಜನಸಂಖ್ಯೆ ಆಗ 11 ಲಕ್ಷ 12 ಸಾವಿರ. ಅಳತೆಗೋಲು ಇಟ್ಟರೆ 4.7, ಅಂದರೆ ಐದು ಸ್ಥಾನ. ಹಿಂದೆ ಇದ್ದದ್ದು ಆರು. ದಕ್ಷಿಣ ಕನ್ನಡದಲ್ಲಿ 18 ಲಕ್ಷ 97 ಸಾವಿರ, ಎಂಟು ಸ್ಥಾನ. ಹಿಂದೆ ಇದ್ದದ್ದು ಒಂಬತ್ತು. ಹೀಗೆ ಎರಡು ಜಿಲ್ಲೆ ಸೇರಿ ಹದಿನೈದು ಇದ್ದದ್ದು ಹದಿಮೂರಕ್ಕೆ ಇಳಿಯಿತು. ಉಡುಪಿ ಜಿಲ್ಲೆಯಲ್ಲಿ ಮಾಯವಾದದ್ದು ಬ್ರಹ್ಮಾವರ. 1994ರಿಂದ ಸತತ ಮೂರು ಬಾರಿ, ಅದರಲ್ಲಿ ಎರಡು ಬಾರಿ ಪಕ್ಷೇತರರಾಗಿ, ಅಲ್ಲಿಂದ ಗೆದ್ದಿದ್ದ ಕೆ. ಜಯಪ್ರಕಾಶ ಹೆಗ್ಡೆಯವರು ಒಂದು ಬೆಳಗ್ಗೆ ಎದ್ದು ನೋಡಿದರೆ ಕಾಲ ಕೆಳಗಿನ ಕ್ಷೇತ್ರವೇ ಇರಲಿಲ್ಲ. ಕುಂದಾಪುರ ಕ್ಷೇತ್ರ ದಕ್ಷಿಣಕ್ಕೆ ಹಿಗ್ಗಿ ಕೋಟದ ಕಡೆಯನ್ನು ಒಳಗೆ ಹಾಕಿಕೊಂಡಿತು.

ದಕ್ಷಿಣ ಕನ್ನಡಕ್ಕೆ ಸರಿಯಾಗಿ ಎಂಟು ಬಂದದ್ದರಿಂದ ಒಂದು ಜಿಲ್ಲೆ, ಒಂದು ಲೋಕಸಭಾ ಕ್ಷೇತ್ರ ಎಂದು ಅಲ್ಲಿ ಲೆಕ್ಕ ಚೊಕ್ಕವಾಗಿ ಮುಗಿಯಿತು. ತೊಂದರೆ ಉಳಿದದ್ದು ಅದರ ಸುತ್ತ. ಉಡುಪಿಗೆ ಐದು. ಎಂಟು ತುಂಬಲು ಇನ್ನೂ ಮೂರು ಬೇಕು. ಪಶ್ಚಿಮಕ್ಕೆ ಸಮುದ್ರ, ದಕ್ಷಿಣದ ಬಾಗಿಲು ಮುಚ್ಚಿದೆ. ಉಳಿದದ್ದು ಉತ್ತರ ಅಥವಾ ಘಟ್ಟ. ಘಟ್ಟದ ಮೇಲೆ ಚಿಕ್ಕಮಗಳೂರು ಜಿಲ್ಲೆಗೂ ಐದು ಸ್ಥಾನ. ಐದು, ಐದು ಸೇರಿದರೆ ಹತ್ತು, ಎರಡು ಹೆಚ್ಚಾಯಿತು. ಶಿವಮೊಗ್ಗ ಜಿಲ್ಲೆಗೆ ಏಳು, ಅಲ್ಲಿಗೆ ಒಂದು ಬೇಕು. ಹಾಸನಕ್ಕೆ ಏಳು, ಅಲ್ಲಿಗೂ ಒಂದು ಬೇಕು. ಈಗ ನೋಡಿ: ಉಡುಪಿಯಿಂದ ಒಂದನ್ನು ತೆಗೆದು ಶಿವಮೊಗ್ಗಕ್ಕೆ, ಚಿಕ್ಕಮಗಳೂರಿನಿಂದ ಒಂದನ್ನು ತೆಗೆದು ಹಾಸನಕ್ಕೆ ಕೊಟ್ಟರೆ ಮೂರೂ ಕ್ಷೇತ್ರ ಎಂಟೆಂಟಾಗಿ ಭರ್ತಿ. ಉಡುಪಿಯಿಂದ ಹೋದದ್ದು ಶಿವಮೊಗ್ಗಕ್ಕೆ ತಾಗಿಕೊಂಡ ಬೈಂದೂರು. ಚಿಕ್ಕಮಗಳೂರಿನಿಂದ ಹೋದದ್ದು ಹಾಸನಕ್ಕೆ ತಾಗಿಕೊಂಡ ಕಡೂರು. ಉಳಿದ ನಾಲ್ಕು, ನಾಲ್ಕು ಸೇರಿ ಉಡುಪಿ-ಚಿಕ್ಕಮಗಳೂರು. ಅಕ್ಕತಂಗಿಯರ ಓಟು ಬೇರೆಯಾದದ್ದು ಈ ಕೂಡಿಸಿ ಕಳೆಯುವಿಕೆಯಲ್ಲಿ.

ಬೈಂದೂರನ್ನು ಭಟ್ಕಳದ ಜತೆ ಉತ್ತರ ಕನ್ನಡಕ್ಕೆ ಹಾಕಬಹುದಿತ್ತಲ್ಲ, ಕಡಲಿಗೆ ಕಡಲು ಸೇರುತ್ತಿತ್ತಲ್ಲ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಕನ್ನಡಕ್ಕೆ ಆರು ಸ್ಥಾನ, ಎರಡು ಬೇಕಾಗಿತ್ತು. ಆ ಎರಡನ್ನು ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರುಗಳಿಂದ ತುಂಬಿದರು. ಬೈಂದೂರನ್ನು ಅಲ್ಲಿಗೆ ಕೊಟ್ಟಿದ್ದರೆ ಆ ಎರಡರಲ್ಲಿ ಒಂದು ಬೆಳಗಾವಿಯ ಕಡೆಗೆ ಮರಳಿ ಅಲ್ಲಿನ ಲೆಕ್ಕ ಕೆಡುತ್ತಿತ್ತು, ಇತ್ತ ಶಿವಮೊಗ್ಗಕ್ಕೆ ಇನ್ನೆಲ್ಲಿಂದಲೋ ಒಂದನ್ನು ತರಬೇಕಾಗುತ್ತಿತ್ತು. ಚಾಪೆಯ ಒಂದು ಕಡ್ಡಿ ಎಳೆದರೆ ಇಡೀ ಚಾಪೆ ಬಿಚ್ಚುವ ಹಾಗೆ. ಆದರೂ ಬೇರೆ ಜೋಡಣೆ ಸಾಧ್ಯವೇ ಇರಲಿಲ್ಲ ಎಂದು ಒಪ್ಪಲು ನಾನು ಸಿದ್ಧನಿಲ್ಲ. ಲೆಕ್ಕದಲ್ಲಿ ಜನರ ತಲೆ ಎಣಿಕೆಯಾಗುತ್ತದೆ, ಅವರ ಕಸುಬು ಎಣಿಕೆಯಾಗುವುದಿಲ್ಲ.

ಈ ಗೆರೆ ಎಳೆಯುವವರು ಯಾರು? 2002ರ ಕಾಯ್ದೆಯಂತೆ ರಚನೆಯಾದ, ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣಾ ಆಯೋಗ. ರಾಜ್ಯದ ಐದು ಮಂದಿ ಸಂಸದರು, ಐದು ಮಂದಿ ಶಾಸಕರು ಸಹ ಸದಸ್ಯರಾಗಿ ಕೂರುತ್ತಾರೆ. ಮಾತನಾಡಬಹುದು, ಮತ ಹಾಕುವಂತಿಲ್ಲ. ಕರಡು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪ ಕೇಳುತ್ತಾರೆ. ಅಂತಿಮ ಆದೇಶ ಹೊರಟ ಮೇಲೆ ಅದನ್ನು ಸಂಸತ್ತಿನ ಮುಂದೆ ಇಡುತ್ತಾರಾದರೂ ಸಂಸತ್ತು ಒಂದು ಅಕ್ಷರವನ್ನೂ ತಿದ್ದುವಂತಿಲ್ಲ. ಹೊಸ ಗೆರೆಗಳು 2008ರ ಫೆಬ್ರವರಿಯಲ್ಲಿ ಜಾರಿಗೆ ಬಂದವು. ಅವುಗಳ ಮೇಲೆ ಮೊದಲು ಚುನಾವಣೆ ನಡೆದ ರಾಜ್ಯ ನಮ್ಮದೇ. ಅದು 2008ರ ಮೇ ತಿಂಗಳ ವಿಧಾನಸಭಾ ಚುನಾವಣೆ. ಲೋಕಸಭೆಗೆ ಹೊಸ ಕ್ಷೇತ್ರದಿಂದ ಮೊದಲ ಬಾರಿ, 2009ರಲ್ಲಿ, ಡಿ.ವಿ. ಸದಾನಂದ ಗೌಡರು ಆಯ್ಕೆಯಾದರು.

ಇದರಿಂದ ಊರಿಗೆ ಆದದ್ದೇನು? ಕೋಟೇಶ್ವರದ ದೃಷ್ಟಿಯಿಂದ ನೋಡಿದರೆ, ಇಲ್ಲಿಂದ ಘಟ್ಟಕ್ಕೆ ಹತ್ತಿರದ ದಾರಿ ಹಾಲಾಡಿ, ಸಿದ್ದಾಪುರ, ಹೊಸಂಗಡಿ ಮೇಲೆ ಹುಲಿಕಲ್ ಹತ್ತಿ ಹೊಸನಗರಕ್ಕೆ. ಅಂದರೆ ಶಿವಮೊಗ್ಗ ಜಿಲ್ಲೆಗೆ. ಕೆಳದಿಯ ಅರಸರ ಕಾಲದಲ್ಲಿ ಬಸರೂರಿನ ಬಂದರಿಗೂ ಬಿದನೂರಿಗೂ ನಂಟು ಇದ್ದದ್ದು ಈ ಘಟ್ಟಗಳ ಮೇಲೆಯೇ. ಚಿಕ್ಕಮಗಳೂರಿಗೆ ಹೋಗಬೇಕಾದರೆ ಹೆಬ್ರಿಗೆ ಹೋಗಿ ಆಗುಂಬೆಯ ಹಾವಿನಂಥ ತಿರುವುಗಳನ್ನು ಹತ್ತಬೇಕು. ಆಗುಂಬೆಯೂ ಶಿವಮೊಗ್ಗ ಜಿಲ್ಲೆಯದೇ. ತಮಾಷೆಯೆಂದರೆ ಉಡುಪಿ-ಚಿಕ್ಕಮಗಳೂರಿನ ಸಂಸದರು ಈ ದಾರಿಯಲ್ಲಿ ತಮ್ಮ ಕ್ಷೇತ್ರದ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗಲು ಬೇರೆಯವರ ಕ್ಷೇತ್ರವನ್ನು ಹಾದು ಹೋಗಬೇಕು.

ಸಂಸದರ ಕೆಲಸವೂ ಘಟ್ಟ ಹತ್ತಿ ಇಳಿಯುವಂಥದ್ದೇ. ಮಲ್ಪೆಯವರು ಕೇಳುವುದು ಡೀಸೆಲ್ ಸಬ್ಸಿಡಿ, ಬಂದರಿನ ಹೂಳು, ಕಡಲ್ಕೊರೆತ. ಮೂಡಿಗೆರೆಯವರು ಕೇಳುವುದು ಕಾಫಿಯ ಬೆಲೆ, ಆನೆಗಳ ಕಾಟ. ತರೀಕೆರೆಯವರಿಗೆ ಅಡಿಕೆ, ತೆಂಗು, ನೀರಾವರಿ. ಎಲ್ಲವೂ ನ್ಯಾಯವಾದ ಬೇಡಿಕೆಗಳೇ. ಲೋಕಸಭೆಯಲ್ಲಿ ಪ್ರಶ್ನೆ ಕೇಳುವ ಸಮಯ ಮಾತ್ರ ಒಬ್ಬನಿಗೆ ಸಿಗುವಷ್ಟೇ. ಆದರೂ ಇಲ್ಲಿ ಕುಂದಾಪುರ, ಉಡುಪಿ, ಕಾಪು ಎಂದು ಮೂರು ಕ್ಷೇತ್ರಗಳಿಗೆ ಕಡಲ ತೀರವಿದೆ. ಬೈಂದೂರಿನ ಸ್ಥಿತಿ ಹಾಗಲ್ಲ. ಶಿವಮೊಗ್ಗ ಲೋಕಸಭಾ ಕ್ಷೇತ್ರದ ಎಂಟರಲ್ಲಿ ಸಮುದ್ರ ಕಾಣುವುದು ಅದೊಂದಕ್ಕೇ. ಗಂಗೊಳ್ಳಿಯ ಬಂದರು, ಮರವಂತೆಯ ಮೀನುಗಾರರು ತಮ್ಮ ಮಾತು ದಿಲ್ಲಿಗೆ ಮುಟ್ಟಬೇಕಾದರೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಸಾಗರದ ಅಡಿಕೆ, ಶಿಕಾರಿಪುರದ ನೀರಾವರಿಗಳ ಜತೆ ಸಾಲಿನಲ್ಲಿ ನಿಲ್ಲಬೇಕು. ಹಾಗೆಂದು ಬೈಂದೂರಿಗೆ ನಷ್ಟವೇ ಆಯಿತೆಂದು ತೀರ್ಪು ಕೊಡುವುದೂ ಅವಸರವಾದೀತು. ಶಿವಮೊಗ್ಗ ಕ್ಷೇತ್ರವನ್ನು 2009ರಿಂದ ಬಿ.ಎಸ್. ಯಡಿಯೂರಪ್ಪ ಅಥವಾ ಅವರ ಮಗ ಬಿ.ವೈ. ರಾಘವೇಂದ್ರ ಪ್ರತಿನಿಧಿಸಿಕೊಂಡು ಬಂದರು. ಪ್ರಭಾವವಿರುವ ಮನೆಯ ಕ್ಷೇತ್ರದಲ್ಲಿರುವುದು ಲಾಭವೆನ್ನುವವರೂ ಬೈಂದೂರಿನಲ್ಲಿದ್ದಾರೆ.

ಗೆರೆ ಬದಲಾದದ್ದರಿಂದ ಚುನಾವಣೆಗಳ ಲಯವೂ ತಪ್ಪಿತು. 2011ರ ಆಗಸ್ಟ್‌ನಲ್ಲಿ ಸದಾನಂದ ಗೌಡರು ಮುಖ್ಯಮಂತ್ರಿಯಾದರು. ತೆರವಾದ ಸ್ಥಾನಕ್ಕೆ 2012ರ ಮಾರ್ಚ್‌ನಲ್ಲಿ ಉಪಚುನಾವಣೆ ನಡೆಯಿತು. ಕುಂದಾಪುರದವರು ಓಟು ಹಾಕಿದರು, ಬೈಂದೂರಿನವರು ಮನೆಯಲ್ಲಿದ್ದರು. ಬ್ರಹ್ಮಾವರ ಕ್ಷೇತ್ರ ಕಳೆದುಕೊಂಡಿದ್ದ ಜಯಪ್ರಕಾಶ ಹೆಗ್ಡೆಯವರು ಅಂದು ಕಾಂಗ್ರೆಸ್ಸಿನಿಂದ ಗೆದ್ದು ಲೋಕಸಭೆಗೆ ಹೋದರು. 2018ರ ನವೆಂಬರಿನಲ್ಲಿ ಶಿವಮೊಗ್ಗಕ್ಕೆ ಉಪಚುನಾವಣೆ ಬಂದಾಗ ಬೈಂದೂರಿನವರು ಸಾಲಿನಲ್ಲಿ ನಿಂತರು, ಕುಂದಾಪುರದವರು ನೋಡಿದರು. 2014 ಮತ್ತು 2019ರಲ್ಲಿ ಉಡುಪಿ-ಚಿಕ್ಕಮಗಳೂರಿನಿಂದ ಶೋಭಾ ಕರಂದ್ಲಾಜೆ ಗೆದ್ದರು. 2024ರಲ್ಲಿ ಕೋಟೇಶ್ವರದ ನೆರೆಯೂರಾದ ಕೋಟದ ಶ್ರೀನಿವಾಸ ಪೂಜಾರಿಯವರು ಜಯಪ್ರಕಾಶ ಹೆಗ್ಡೆಯವರನ್ನು ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಗ್ರಾಮ ಪಂಚಾಯತಿಯಿಂದ ಮೇಲೆ ಬಂದವರೊಬ್ಬರು, ಹೀಗೆ ಘಟ್ಟದ ಮೇಲಿನ ನಾಲ್ಕು ಕ್ಷೇತ್ರಗಳಿಗೂ ಸಂಸದರಾದರು.

ಕೋಟದ ಇನ್ನೊಬ್ಬರ ನೆನಪು ಇಲ್ಲಿ ಬರುತ್ತದೆ. 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಶಿವರಾಮ ಕಾರಂತರು ಲೋಕಸಭೆಗೆ ಸ್ಪರ್ಧಿಸಿದ್ದರು. ಹುಟ್ಟೂರಿನ ಉಡುಪಿ ಕ್ಷೇತ್ರದಿಂದಲ್ಲ, ಉತ್ತರ ಕನ್ನಡದಿಂದ. ಕೈಗಾ ಅಣುಸ್ಥಾವರ ಅಲ್ಲಿತ್ತು, ಅದನ್ನು ವಿರೋಧಿಸುವುದೇ ಅವರ ಉದ್ದೇಶವಾಗಿತ್ತು. ಸೋತರು. ಅಭ್ಯರ್ಥಿಗೆ ಗೆರೆಯ ಹಂಗಿಲ್ಲ, ದೇಶದ ಯಾವ ಕ್ಷೇತ್ರದಲ್ಲಾದರೂ ನಿಲ್ಲಬಹುದು. ಮತದಾರನಿಗೆ ಆ ಸೌಕರ್ಯವಿಲ್ಲ.

ಗೆರೆಯನ್ನೇ ಎಳೆಯದೆ ಚುನಾವಣೆ ನಡೆಸಲು ಬರುವುದಿಲ್ಲವೇ? ಜಗತ್ತಿನಲ್ಲಿ ಅಂಥ ಕ್ರಮಗಳೂ ಇವೆ. ಮಧ್ಯ ಅಮೆರಿಕದ ಕೋಸ್ಟರಿಕಾ ಎಂಬ, ಸುಮಾರು ಐವತ್ತು ಲಕ್ಷ ಜನರ ಸಣ್ಣ ದೇಶವನ್ನು ನೋಡಿ. ಅಲ್ಲಿನ ಶಾಸನಸಭೆಗೆ 57 ಸದಸ್ಯರು. ದೇಶದಲ್ಲಿ ಏಳು ಪ್ರಾಂತಗಳು, ಅವೇ ಕ್ಷೇತ್ರಗಳು. ಮತದಾರ ಓಟು ಹಾಕುವುದು ವ್ಯಕ್ತಿಗಲ್ಲ, ಪಕ್ಷದ ಪಟ್ಟಿಗೆ. ಪ್ರಾಂತದಲ್ಲಿ ಪಕ್ಷ ಪಡೆದ ಮತಗಳ ಪ್ರಮಾಣಕ್ಕೆ ತಕ್ಕಂತೆ ಸ್ಥಾನ. ಜನಗಣತಿಯಾದ ಮೇಲೆ ಪ್ರಾಂತದ ಗಡಿ ಅಲುಗುವುದಿಲ್ಲ, ಯಾವ ಪ್ರಾಂತಕ್ಕೆ ಎಷ್ಟು ಸ್ಥಾನ ಎಂಬ ಸಂಖ್ಯೆ ಮಾತ್ರ ಬದಲಾಗುತ್ತದೆ. ನೆರೆಹೊರೆ ಕದಲುವುದಿಲ್ಲ, ಅಕ್ಕತಂಗಿಯರ ಓಟು ಬೇರೆಯಾಗುವುದಿಲ್ಲ. ಆದರೆ ‘ನಮ್ಮ ಸಂಸದ’ ಎಂದು ಬೆರಳು ತೋರಿಸಿ ಹೇಳಲು ಅಲ್ಲಿ ಒಬ್ಬ ಮನುಷ್ಯ ಸಿಗುವುದಿಲ್ಲ. ಇನ್ನೊಂದು ವಿಚಿತ್ರ: ಒಮ್ಮೆ ಸದಸ್ಯನಾದವನು ಮರುಚುನಾವಣೆಗೆ ಕೂಡಲೇ ನಿಲ್ಲುವಂತಿಲ್ಲ. ಆಸ್ಕರ್ ಫೆರ್ನಾಂಡಿಸರ ಸತತ ಐದು ಗೆಲುವು ಅಲ್ಲಿ ಕಾನೂನಿನ ಪ್ರಕಾರವೇ ಅಸಾಧ್ಯ.

ಅದೇ ಮಧ್ಯ ಅಮೆರಿಕದ ಎಲ್ ಸಾಲ್ವದೋರ್ ದೇಶದಲ್ಲಿ ನಡೆದದ್ದು ಇನ್ನೊಂದು ಕತೆ. 2023ರ ಜೂನ್‌ನಲ್ಲಿ, ಚುನಾವಣೆಗೆ ಎಂಟು ತಿಂಗಳಿದ್ದಾಗ, ಆಳುವ ಪಕ್ಷಕ್ಕೆ ಬಹುಮತವಿದ್ದ ಶಾಸನಸಭೆ ತನ್ನ 84 ಸ್ಥಾನಗಳನ್ನು 60ಕ್ಕೆ ಇಳಿಸಿತು. ಮತಗಳನ್ನು ಸ್ಥಾನಗಳಾಗಿ ಪರಿವರ್ತಿಸುವ ಸೂತ್ರವನ್ನೂ ದೊಡ್ಡ ಪಕ್ಷಕ್ಕೆ ಅನುಕೂಲವಾಗುವ ಹಾಗೆ ಬದಲಿಸಿತು. 2024ರ ಫೆಬ್ರವರಿಯಲ್ಲಿ ಅಧ್ಯಕ್ಷ ಬುಕೆಲೆಯವರ ಪಕ್ಷ ಸುಮಾರು ಶೇಕಡಾ 70 ಮತ ಪಡೆದು 60ರಲ್ಲಿ 54 ಸ್ಥಾನ ಗೆದ್ದಿತು. ಜನಪ್ರಿಯತೆ ಇದ್ದದ್ದು ನಿಜ. ಉಳಿದ ಶೇಕಡಾ 30 ಮಂದಿಯ ಮತಕ್ಕೆ ದೊರೆತದ್ದು ಆರೇ ಸ್ಥಾನ ಎಂಬುದೂ ನಿಜ. ಆ ದೇಶದಿಂದ ಲಕ್ಷಾಂತರ ಜನ ದುಡಿಯಲು ಹೊರದೇಶಗಳಿಗೆ ಹೋಗಿದ್ದಾರೆ. ಅವರು ಹೊರಗಿನಿಂದಲೇ ಹಾಕಿದ ಶಾಸನಸಭೆಯ ಮತಗಳನ್ನೆಲ್ಲ, ಅವರ ಹುಟ್ಟೂರು ಯಾವುದೇ ಇರಲಿ, ರಾಜಧಾನಿ ಸಾನ್ ಸಾಲ್ವದೋರ್ ಇರುವ ಜಿಲ್ಲೆಯ ಲೆಕ್ಕಕ್ಕೆ ಸೇರಿಸಿದರು.

ಊರು ಬಿಟ್ಟವರ ಈ ಮಾತು ನಮ್ಮನ್ನು ಮತ್ತೆ ಕುಂದಾಪುರಕ್ಕೆ ತರುತ್ತದೆ. ಉಡುಪಿ ಜಿಲ್ಲೆ ಒಂದು ಸ್ಥಾನ ಕಳೆದುಕೊಂಡದ್ದು ಏಕೆ? ಜನ ಹೆಚ್ಚಾಗಲಿಲ್ಲ, ಅದಕ್ಕೆ. ಹೆಣ್ಣುಮಕ್ಕಳು ಓದಿದರು, ಸಂಸಾರಗಳು ಚಿಕ್ಕವಾದವು. ಗಂಡಸರು ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋದರು. 2001ರ ಗಣತಿಯಲ್ಲಿ ಈ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1130 ಹೆಂಗಸರಿದ್ದರು. 2001ರಿಂದ 2011ರವರೆಗಿನ ಹತ್ತು ವರ್ಷದಲ್ಲಿ ಜಿಲ್ಲೆಯ ಜನಸಂಖ್ಯೆ ಬೆಳೆದದ್ದು ಶೇಕಡಾ 6ಕ್ಕೂ ಕಡಿಮೆ. ಅತ್ತ ಬೆಂಗಳೂರಿನ ಸ್ಥಾನಗಳು ಏರಿ 28 ಆದವು. ಕರಾವಳಿ ಕಳೆದುಕೊಂಡ ಸ್ಥಾನಗಳಿಗೆ ಕಾರಣರಾದವರಲ್ಲಿ ಕರಾವಳಿಯಿಂದಲೇ ಹೋಗಿ ಬೆಂಗಳೂರಿನಲ್ಲಿ ಹೊಟೇಲು, ಬ್ಯಾಂಕು, ಕಂಪೆನಿಗಳಲ್ಲಿ ದುಡಿಯುವವರೂ ಸೇರಿದ್ದಾರೆ.

ಇದೇ ಲೆಕ್ಕ ದೇಶದ ಮಟ್ಟದಲ್ಲಿ ಈಗ ದೊಡ್ಡ ವಿವಾದ. ಸಂತಾನ ನಿಯಂತ್ರಣ ಪಾಲಿಸಿದ ರಾಜ್ಯಗಳಿಗೆ ಅನ್ಯಾಯವಾಗದಿರಲೆಂದು 1976ರ 42ನೇ ತಿದ್ದುಪಡಿ, ಯಾವ ರಾಜ್ಯಕ್ಕೆ ಲೋಕಸಭೆಯಲ್ಲಿ ಎಷ್ಟು ಸ್ಥಾನ ಎಂಬುದನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 84ನೇ ತಿದ್ದುಪಡಿ ಆ ಕಟ್ಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಕಟ್ಟು ಬಿಚ್ಚಿದರೆ ದಕ್ಷಿಣದ ಪಾಲು ಕುಗ್ಗುತ್ತದೆ ಎಂಬ ಆತಂಕದಿಂದ 2025ರ ಮಾರ್ಚ್ 22ರಂದು ಚೆನ್ನೈಯಲ್ಲಿ ಹಲವು ರಾಜ್ಯಗಳ ಮುಖಂಡರು ಸಭೆ ಸೇರಿದರು. ಕರ್ನಾಟಕದ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೂ ಹೋಗಿದ್ದರು. ಆದರೆ ಆ ಕಟ್ಟು ಇದ್ದದ್ದು ರಾಜ್ಯ ರಾಜ್ಯಗಳ ನಡುವೆ ಮಾತ್ರ. ರಾಜ್ಯದೊಳಗೆ ಜಿಲ್ಲೆ ಜಿಲ್ಲೆಗಳ ನಡುವೆ ಅಂಥ ರಕ್ಷಣೆ ಇರಲಿಲ್ಲ. ಬಿಹಾರ, ಉತ್ತರ ಪ್ರದೇಶಗಳ ಮುಂದೆ ಕರ್ನಾಟಕ ಏನಾದೀತೆಂದು ಇಂದು ಹೆದರುತ್ತಿದೆಯೋ, ಬೆಂಗಳೂರಿನ ಮುಂದೆ ಉಡುಪಿ ಜಿಲ್ಲೆ 2008ರಲ್ಲೇ ಅದು ಆಗಿಹೋಗಿತ್ತು. ಆಗ ಯಾವ ಮುಖ್ಯಮಂತ್ರಿಯೂ ಸಭೆ ಕರೆಯಲಿಲ್ಲ.

ಅನಿವಾಸಿ ಭಾರತೀಯರು ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳಲು 2010ರ ತಿದ್ದುಪಡಿ ಅವಕಾಶ ಕೊಟ್ಟಿತು. ಮತ ಹಾಕಲು ಮಾತ್ರ ಮತಗಟ್ಟೆಗೆ ತಾವೇ ಬರಬೇಕು. ಬೆಂಗಳೂರಿನಲ್ಲಿರುವ ಹುಡುಗರು ಚುನಾವಣೆಗೆ ಹೇಗೋ ರಾತ್ರಿ ಬಸ್ಸು ಹಿಡಿದು ಬರುತ್ತಾರೆ. ಅವರಲ್ಲಿ ಎಷ್ಟೋ ಮಂದಿಯ ಹೆಸರು ಇನ್ನೂ ಊರಿನ ಪಟ್ಟಿಯಲ್ಲೇ ಇದೆ. ಆದರೆ ಒಂದು ಕ್ಷೇತ್ರಕ್ಕೆ ಎಷ್ಟು ಜನ ಎಂದು ಅಳೆಯುವುದು ಮತದಾರರ ಪಟ್ಟಿಯಿಂದಲ್ಲ, ಜನಗಣತಿಯಿಂದ. ಗಣತಿದಾರರು ಕೋಟೇಶ್ವರದ ಮನೆಯ ಚಾವಡಿಯಲ್ಲಿ ಕೂತು ಹೆಸರು ಬರೆದುಕೊಳ್ಳುವಾಗ, ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿರುವ ಮಗನ ಹೆಸರು ಆ ಹಾಳೆಗೆ ಬರುವುದಿಲ್ಲ. ಅವನನ್ನು ಅಲ್ಲೇ ಎಣಿಸುತ್ತಾರೆ.